ಕ್ಯಾರಿಯರ್ ಮೇಲೆ ಅತ್ತೆ

ಅತ್ತೆ ಸೊಸೆ ಇಬ್ಬರೇ ಒಂದು ಮನೆಗೆ ಬಂದಿದ್ದಾರೆ ಎಂದರೆ ಸಾಕು, ಕೇಳುವವರ ಕಿವಿ ನೆಟ್ಟಗಾಗುತ್ತದೆ. ಆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲೂ ಹಾಗೇ ಆಯಿತು. ಸಾಮಾನಿನ ಲಾರಿ ಬಂದ ದಿನ ಎದುರುಮನೆಯಾಕೆ ಬಾಗಿಲನ್ನು ಅರ್ಧ ತೆರೆದಿಟ್ಟು, ಏನೋ ಒರೆಸುವವಳಂತೆ ಹೊಸ್ತಿಲ ಬಳಿಯೇ ಸುಳಿದಾಡುತ್ತಿದ್ದಳು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಈಗ ಶುರುವಾಯಿತು ಎಂದುಕೊಳ್ಳುವಷ್ಟರಲ್ಲಿ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸಿತು. ಆಕೆ ಬೇಸರದಿಂದ ಬಾಗಿಲು ಹಾಕಿಕೊಂಡಳು. ಜಗಳ ನೋಡೋಣವೆಂದು ಈ ಕಥೆಗೆ ಬಂದವರು ಇದ್ದರೆ ಅವರೂ ಈಗಲೇ ಬಾಗಿಲು ಹಾಕಿಕೊಳ್ಳಬಹುದು, ನನ್ನದೇನೂ ಅಭ್ಯಂತರವಿಲ್ಲ.

ಅತ್ತೆಗೆ ಅರವತ್ತೆಂಟು ವರ್ಷ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕಡ್ಡಿಯಂಥ ಮೈ, ಆದರೆ ಗಂಟಲು ತೆರೆದರೆ ಮೂರು ಮನೆಗೆ ಕೇಳಿಸಬೇಕು. ಓಡುವ ಬಸ್ಸಿನಲ್ಲಿ ನಿಂತೇ ಆಯಸ್ಸು ಕಳೆದಿದ್ದರಿಂದ ನಿವೃತ್ತಿಯಾದ ಮೇಲೂ ಕೂರುವುದು ಅವರಿಗೆ ಒಗ್ಗಲಿಲ್ಲ. ಕಾಫಿ ಕುಡಿಯುವಾಗಲೂ ಕಾಲು ಅಗಲಿಸಿಕೊಂಡು, ಬಾಗಿಲ ಚೌಕಟ್ಟಿಗೆ ಒಂದು ಭುಜ ಆನಿಸಿ ನಿಲ್ಲುತ್ತಿದ್ದರು, ಮನೆ ಯಾವ ಗಳಿಗೆಯಲ್ಲಾದರೂ ಬಲಕ್ಕೆ ತಿರುಗಿಬಿಡಬಹುದು ಎನ್ನುವ ಹಾಗೆ.

ಸೊಸೆಗೆ ಮೂವತ್ತೊಂಬತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಆದರೆ ಆ ಮೇಜು ಬಿಟ್ಟು ಬೀದಿಗೆ ಬಂದರೆ ಅವಳಂಥ ದಿಕ್ಕುಗೇಡಿ ಇನ್ನೊಬ್ಬಳಿಲ್ಲ. ಹಳೇ ಮನೆಯಲ್ಲಿ ಹನ್ನೆರಡು ವರ್ಷ ಇದ್ದಳು. ಕೆಲಸಕ್ಕೆ ಹೋಗುವ ದಾರಿ ಬಿಟ್ಟರೆ ಎರಡನೆಯದು ಗೊತ್ತಿರಲಿಲ್ಲ. ಮಿಕ್ಕ ದಾರಿಗಳೆಲ್ಲ ಗಂಡನ ತಲೆಯಲ್ಲಿದ್ದವು. ಅವನು ಮುಂದೆ, ಇವಳು ಹಿಂದೆ, ಮಾತಾಡಿಕೊಂಡು ಹೋದರೆ ಎಲ್ಲಿಗೋ ಮುಟ್ಟಿರುತ್ತಿದ್ದರು.

ಆ ಗಂಡ ಎರಡು ವರ್ಷದ ಹಿಂದೆ, ಎದೆ ಯಾಕೋ ಹಿಡಿದುಕೊಂಡಿದೆ ಎನ್ನುತ್ತ ಆಸ್ಪತ್ರೆಗೆ ನಡೆದುಕೊಂಡೇ ಹೋದವನು ವಾಪಸು ಬರಲಿಲ್ಲ. ಮೂವರ ಮನೆ ಇಬ್ಬರಿಗೆ ದೊಡ್ಡದಾಯಿತು. ಅವನು ಕೂರುತ್ತಿದ್ದ ಕುರ್ಚಿಯನ್ನು ಇಬ್ಬರೂ ಸುತ್ತಿ ಬಳಸಿಕೊಂಡು ಓಡಾಡುತ್ತಿದ್ದರು. ಕೊನೆಗೆ ಒಂದು ದಿನ ಅತ್ತೆಯೇ, "ಈ ಮನೇಲಿ ನಾವಿಬ್ರೂ ಅವನ್ನ ಕಾಯ್ತಾ ಇದ್ದೀವಿ ಕಣೇ, ಬೇರೆ ಕಡೆ ಹೋಗೋಣ" ಅಂದರು. ಹಾಗೆ ಸಿಕ್ಕಿದ್ದು ಈ ಎರಡು ಕೋಣೆಯ ಮನೆ. ಅಡುಗೆಮನೆ ಎಷ್ಟು ಚಿಕ್ಕದೆಂದರೆ ಒಬ್ಬರು ಒಲೆಯ ಕಡೆ ತಿರುಗಬೇಕಾದರೆ ಇನ್ನೊಬ್ಬರು ಉಸಿರು ಬಿಗಿ ಹಿಡಿಯಬೇಕು. ಹಳೇ ಪರದೆಗಳು ಹೊಸ ಕಿಟಕಿಗೆ ಗೇಣುದ್ದ ಸಾಲದೆ, ಮೊಣಕಾಲ ಮೇಲಿನ ಲಂಗದ ಹಾಗೆ ನೇತಾಡುತ್ತಿದ್ದವು. ಆದರೂ ಬೆಳಿಗ್ಗೆ ಬಿಸಿಲು ನೆಲದ ಮೇಲೆ ಚಾಪೆ ಹಾಸಿದಂತೆ ಬೀಳುತ್ತಿತ್ತು. ಇಬ್ಬರಿಗೂ ಮನೆ ಮೊದಲ ದಿನವೇ ಹಿಡಿಸಿತು.

ಸೊಸೆಗೆ ಹಿಡಿಸದೇ ಇದ್ದದ್ದು ಒಂದೇ, ಅದು ಬರಲಿದ್ದ ಒಂದು ಭಾನುವಾರ. ಅತ್ತೆಗೆ ಒಬ್ಬಳು ಮಗಳಿದ್ದಳು. ಐದು ಗಂಟೆ ದಾರಿಯಾಚೆಯ ಊರಿನಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅಣ್ಣ ಹೋದಾಗಿನಿಂದ ಆಕೆ, "ಅಮ್ಮ ನನ್ನ ಹತ್ರ ಬಂದುಬಿಡಲಿ, ರೂಮು ಖಾಲಿ ಇದೆ" ಎನ್ನುತ್ತಲೇ ಇದ್ದಳು. ಅತ್ತೆ ಪ್ರತಿ ಸಲವೂ "ನೋಡೋಣ" ಎಂದು ಸಾಗಹಾಕುತ್ತಿದ್ದರು. ಈ ಮನೆಗೆ ಬಂದ ಮೂರನೆಯ ದಿನ ಮಾತ್ರ ಫೋನಿನಲ್ಲಿ ಬೇರೆಯೇ ಹೇಳಿದರು. "ಇಲ್ಲೆಲ್ಲ ಒಂದು ಹದಕ್ಕೆ ಬರಲಿ. ನಾಲ್ಕು ವಾರ ಕೊಡು. ಆ ಭಾನುವಾರ ಕಾರು ತಗೊಂಡು ಬಾ." ಅಡುಗೆಮನೆಯಲ್ಲಿ ಸುತ್ತಿದ ಕಾಗದ ಬಿಚ್ಚಿ ತಟ್ಟೆಗಳನ್ನು ತೆಗೆಯುತ್ತಿದ್ದ ಸೊಸೆ ಅದು ಕೇಳಿಸಿ, ಕೈಯಲ್ಲಿದ್ದ ತಟ್ಟೆಯನ್ನು ಮತ್ತೆ ಕಾಗದದಲ್ಲೇ ಸುತ್ತಿಬಿಟ್ಟಳು.

ಬೇಡ, ಹೋಗಬೇಡಿ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಹೆತ್ತ ಮಗಳು ಕರೆಯುವಾಗ ಅಡ್ಡ ಬರಲು ತಾನು ಯಾರು? ಮಗನೇ ಇಲ್ಲದ ಮೇಲೆ ಸೊಸೆ ಎಂಬ ನಂಟಿಗೆ ಎಷ್ಟು ಬಲ? ಇನ್ನೊಂದು, ತಾನು ಕೇಳಿದರೆ ಅತ್ತೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಉಳಿದುಬಿಡುತ್ತಾರೆ, ಒಳಗೊಳಗೇ ಮಗಳಿಗಾಗಿ ಕೊರಗುತ್ತಾರೆ. ಈ ದಾಕ್ಷಿಣ್ಯ ಅನ್ನುವುದು ಬಹಳ ಕೆಟ್ಟ ಚಾಳಿ. ಮುಂಗೋಪಿಗಳ ಮನೆಯಲ್ಲಿ ಎರಡು ಕೂಗಾಟಕ್ಕೆ ಬಗೆಹರಿಯುವ ವಿಷಯ, ಮರ್ಯಾದಸ್ಥರ ಮನೆಯಲ್ಲಿ ಎರಡು ವರ್ಷ ಮೂಲೆಯಲ್ಲಿ ಕೂತಿರುತ್ತದೆ. ಸೊಸೆ ಕೇಳಲಿಲ್ಲ. ಅದರ ಬದಲು ಒಂದು ಉಪಾಯ ಮಾಡಿದಳು. ತಾನು ಹಿಡಿದು ನಿಲ್ಲಿಸುವುದು ಬೇಡ, ಈ ಬಡಾವಣೆಯೇ ಅತ್ತೆಯನ್ನು ಹಿಡಿದು ನಿಲ್ಲಿಸಲಿ. ನಾಲ್ಕು ವಾರದಲ್ಲಿ ಇಲ್ಲಿಯ ಬೀದಿ, ಅಂಗಡಿ, ಜನ ಎಲ್ಲ ಅವರಿಗೆ ಅಂಟಿಕೊಂಡರೆ, ತಾವಾಗಿಯೇ ಇಲ್ಲೇ ಇರುತ್ತೇನೆ ಅನ್ನಲಿ.

ಉಪಾಯಕ್ಕೆ ವಾಹನವೂ ಸಿಕ್ಕಿತು. ಹಿಂದೆ ಬಾಡಿಗೆಗಿದ್ದವರು ಬಾಲ್ಕನಿಯಲ್ಲಿ ಒಂದು ಕರೀ ಸೈಕಲ್ ಬಿಟ್ಟುಹೋಗಿದ್ದರು. ಎಮ್ಮೆಯಂಥ ಭಾರ, ಹಿಂದೆ ಅಗಲವಾದ ಗಟ್ಟಿ ಕ್ಯಾರಿಯರ್. ಬೇಕಾದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ಕಟ್ಟಡದ ಉಸ್ತುವಾರಿಯವನು ಹೇಳಿದ್ದ. ಸೊಸೆ ಸರಪಳಿಗೆ ಎಣ್ಣೆ ಬಿಟ್ಟು, ಗಾಳಿ ತುಂಬಿಸಿ, ಕ್ಯಾರಿಯರ್ ಮೇಲೆ ದಿಂಬು ಇಟ್ಟು ದಾರದಿಂದ ಬಿಗಿದು, ಮೊದಲ ಭಾನುವಾರ ಬೆಳಿಗ್ಗೆ ಅದನ್ನು ಗೇಟಿನ ಮುಂದೆ ತಂದು ನಿಲ್ಲಿಸಿದಳು.

"ಬನ್ನಿ ಅತ್ತೆ, ಒಂದು ಸುತ್ತು ಹಾಕ್ಕೊಂಡು ಬರೋಣ."

ಅತ್ತೆ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ದಿಂಬು ಒತ್ತಿ ನೋಡಿದರು. "ಇದಕ್ಕೆ ಹಿಂದಿನ ಬಾಗಿಲೇ ಇಲ್ವಲ್ಲೇ" ಅಂದರು. ಆಮೇಲೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು, ಸೊಸೆಯ ಸೀಟಿನ ಕೆಳಗಿನ ಸ್ಪ್ರಿಂಗನ್ನು ಭದ್ರವಾಗಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ "ರೈಟ್!" ಎಂದು ಕೂಗಿದರು. ಸೊಸೆಯ ಕಾಲು ತಾನಾಗಿಯೇ ಪೆಡಲ್ ತುಳಿಯಿತು. ಸೈಕಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡಿ, ಮನಸ್ಸಿಲ್ಲದ ಮನಸ್ಸಿನಿಂದ ನೆಟ್ಟಗಾಯಿತು.

ಎರಡನೆಯ ತಿರುವು ದಾಟಿರಲಿಲ್ಲ, "ಹೋಲ್ಡಾನ್!" ಎಂಬ ಗರ್ಜನೆ ಬಂತು. ಸೊಸೆ ಗಾಬರಿಯಾಗಿ ಎರಡೂ ಬ್ರೇಕು ಹಿಡಿದಳು. ಇಬ್ಬರೂ ಯಾರದೋ ಮನೆಯ ಬೇಲಿಗೆ ಒರಗಿ ನಿಂತರು.

"ಏನಾಯ್ತು ಅತ್ತೆ? ಕಾಲು ಸಿಕ್ಕಿಹಾಕ್ಕೊಂಡಿತಾ?"

"ಸ್ಟಾಪು."

"ಯಾವ ಸ್ಟಾಪು?"

ಅತ್ತೆ ಗಲ್ಲದಿಂದ ತೋರಿಸಿದರು. ಗೋಡೆಗೆ ಆತುಕೊಂಡ ಒಂದು ಗೂಡಂಗಡಿ, ಮುಂದೆ ಬೀಗದ ಕೈಗಳ ಗೊಂಚಲು. "ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳ್ಕೊಳ್ಳೋದು ನಿನ್ನ ಹವ್ಯಾಸ ಅಲ್ವಾ? ಇಲ್ಲೊಬ್ಬ ಇದ್ದಾನೆ, ನೋಡ್ಕೋ." ಹಾಗೆಂದು ಚೀಲದಿಂದ ಉದ್ದನೆಯ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ಸಿಲು ತೆಗೆದು ಬರೆದುಕೊಂಡರು. ಒಂದನೇ ಸ್ಟಾಪು, ಬೀಗದವನು.

ಹೀಗೆ ಶುರುವಾದದ್ದು ದಿನಚರಿಯೇ ಆಯಿತು. ಸೊಸೆ ಕೆಲಸದಿಂದ ಬಂದು ಮುಖ ತೊಳೆಯುವಷ್ಟರಲ್ಲಿ ಅತ್ತೆ ಚೀಲ ತಗಲಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ದಿನಕ್ಕೆ ಒಂದು ಬೀದಿ ಉದ್ದವಾಗುತ್ತಿತ್ತು. ಸ್ಟಾಪು ಇಡುವುದಕ್ಕೆ ಅತ್ತೆಯದೇ ಕಾನೂನುಗಳಿದ್ದವು. ಇಳಿಯಲು ಕಾರಣವಿಲ್ಲದ ಕಡೆ ಸ್ಟಾಪು ಇಡಬಾರದು. ಬೋರ್ಡಿನಲ್ಲಿರುವ ಹೆಸರು ಇಡಬಾರದು, ಯಾಕೆಂದರೆ ಬೋರ್ಡನ್ನು ಯಾರೂ ಓದುವುದಿಲ್ಲ, ಓದಿದರೂ ನೆನಪಿರುವುದಿಲ್ಲ. ಕಣ್ಣು ಮುಚ್ಚಿದರೂ ಗೊತ್ತಾಗುವ ಹೆಸರು ಇಡಬೇಕು. ಹಾಗಾಗಿ ಬೇಕರಿಯ ಹಿಂಭಾಗಕ್ಕೆ 'ಬೆಚ್ಚನೆ ಗೋಡೆ' ಎಂದಾಯಿತು. ಚರಂಡಿಯ ತಿರುವು 'ಮೂಗು ಮುಚ್ಚು'. ಅದರಾಚೆ 'ಬೊಗಳೋ ಗೇಟು', ಅಲ್ಲಿಯ ನಾಯಿ ಬೆಕ್ಕಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ. ತರಕಾರಿ ಮಾರುವ ಇಬ್ಬರು ಅಕ್ಕತಂಗಿಯರು ಎದುರುಬದುರು ಕೂತು ದಿನವಿಡೀ ಬೈದಾಡಿಕೊಳ್ಳುತ್ತಿದ್ದ ಕಡೆ 'ಜಗಳದ ಮೂಲೆ'. ಶಾಲೆಯ ಗಡಿಯಾರಕ್ಕೂ ಎದುರಿನ ಗಡಿಯಾರ ರಿಪೇರಿ ಅಂಗಡಿಯ ಗಡಿಯಾರಕ್ಕೂ ಏಳು ನಿಮಿಷ ವ್ಯತ್ಯಾಸವಿದ್ದ ಜಾಗ 'ಎರಡು ಗಡಿಯಾರ'.

"ಶಾಲೇದನ್ನ ನಂಬು" ಎಂದು ಅತ್ತೆ ಸೊಸೆಯ ಬೆನ್ನಿಗೆ ಹೇಳಿದರು. "ರಿಪೇರಿಯವನದನ್ನ ನಂಬಬೇಡ. ಅವನಿಗೆ ಬೇರೆಯವರ ಗಡಿಯಾರ ನೋಡೋಕೇ ಪುರುಸೊತ್ತಿಲ್ಲ."

ಎರಡನೇ ವಾರ ಕಾಲುವೆಯ ಸೇತುವೆ ದಾಟಿದರು. ಏರಿನಲ್ಲಿ ಸೊಸೆಗೆ ಏದುಸಿರು ಬಂದು, "ಅತ್ತೆ, ನೀವು ಇಷ್ಟು ಭಾರ ಅಂತ ಗೊತ್ತಿರಲಿಲ್ಲ" ಅಂದಳು. "ಭಾರ ನಾನಲ್ಲ, ನನ್ನ ಅನುಭವ" ಅಂದರು ಅತ್ತೆ. ಮೂರನೇ ವಾರದ ಹೊತ್ತಿಗೆ ಬಡಾವಣೆಯವರಿಗೆಲ್ಲ ಇವರ ಪರಿಚಯವಾಗಿತ್ತು. ಬೀಗದವನು ದೂರದಿಂದಲೇ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುವವನಂತೆ ನಟಿಸುತ್ತಿದ್ದ. ಇಸ್ತ್ರಿ ಅಂಗಡಿಯವಳು ತನ್ನ ಮಗಳ ಮದುವೆಯ ತಾಪತ್ರಯವನ್ನು ಅತ್ತೆಯ ಮುಂದೆ ಆದಿಯಿಂದ ಅಂತ್ಯದವರೆಗೆ ಬಿಚ್ಚಿಟ್ಟಳು. ಜಗಳದ ಮೂಲೆಯ ಅಕ್ಕತಂಗಿಯರು ಅತ್ತೆ ಬಂದರೆ ಮಾತ್ರ ಜಗಳ ನಿಲ್ಲಿಸಿ, ಯಾರು ಸರಿ ನೀವೇ ಹೇಳಿ ಅನ್ನುತ್ತಿದ್ದರು. ಅತ್ತೆ ದಿನಕ್ಕೊಬ್ಬರ ಪರ ತೀರ್ಪು ಕೊಟ್ಟು ಇಬ್ಬರನ್ನೂ ಚೆನ್ನಾಗಿಟ್ಟುಕೊಂಡಿದ್ದರು.

ಸೊಸೆಗೆ ಹಿಗ್ಗೋ ಹಿಗ್ಗು. ಅಂಟಿಕೊಳ್ಳುತ್ತಿದೆ, ಅತ್ತೆಗೆ ಈ ಜಾಗ ಅಂಟಿಕೊಳ್ಳುತ್ತಿದೆ! ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಅವಳು ಒಬ್ಬಳೇ ನಗುತ್ತಿದ್ದಳು. ದಿಕ್ಕುಗೇಡಿಯಾದ ಅವಳ ತಲೆಯಲ್ಲೂ ಬೀದಿಗಳು ಮೊದಲ ಸಲ ಒಂದಕ್ಕೊಂದು ಕೂಡಿಕೊಂಡು ನಿಂತವು. ಗಂಡನ ಬೆನ್ನ ಹಿಂದೆ ನಡೆಯುವಾಗ ಅವಳಿಗೆ ಅವನ ಬೆನ್ನು ಮಾತ್ರ ಕಾಣಿಸುತ್ತಿತ್ತು. ಈಗ ಮುಂದೆ ಕೂತಿರುವವಳು ತಾನೇ, ರಸ್ತೆಯೆಲ್ಲ ತನಗೇ ಕಾಣಿಸುತ್ತದೆ. ಇದನ್ನು ಅವನಿಗೆ ಹೇಳಬೇಕು ಎಂದು ಒಂದು ಸಂಜೆ ಅವಳಿಗೆ ಅನ್ನಿಸಿ, ಹೇಳುವುದಕ್ಕೆ ಅವನಿಲ್ಲ ಎನ್ನುವುದು ನೆನಪಾಗಿ, ಕಣ್ಣು ಮಂಜಾಯಿತು. "ಯಾಕೆ ನಿಧಾನ ಮಾಡಿದೆ?" ಎಂದರು ಹಿಂದಿನಿಂದ ಅತ್ತೆ. "ಧೂಳು" ಅಂದಳು. ಅತ್ತೆ ಸ್ಪ್ರಿಂಗ್ ಹಿಡಿದಿದ್ದ ಕೈ ತೆಗೆದು ಅವಳ ಸೊಂಟ ಬಳಸಿ ಹಿಡಿದರು.

ನಾಲ್ಕನೇ ವಾರದ ಶನಿವಾರ ಸಂಜೆ ಡ್ರೈವರಣ್ಣ ಮನೆ ನೋಡಲು ಬಂದರು. ಹತ್ತೊಂಬತ್ತು ವರ್ಷ ಒಂದೇ ರೂಟಿನಲ್ಲಿ ಅತ್ತೆಯ ಜೊತೆ ಬಸ್ಸು ಓಡಿಸಿದವರು. ಎಪ್ಪತ್ತು ದಾಟಿದ ದಪ್ಪನೆಯ ಮನುಷ್ಯ. ಕೋಣೆ ನೋಡುವ ಮೊದಲೇ ಬಾಲ್ಕನಿಗೆ ಹೋಗಿ ಸೈಕಲ್ಲಿನ ಬ್ರೇಕು ಒತ್ತಿ ನೋಡಿ, "ಹಿಂದಿನದು ಸ್ವಲ್ಪ ಬಿಗಿ ಮಾಡಿಸಮ್ಮ" ಅಂದರು. ಅತ್ತೆ ಹಾಲು ತರಲು ಕೆಳಗಿನ ಅಂಗಡಿಗೆ ಹೋಗಿದ್ದರು. ಸೊಸೆ ಹೆಮ್ಮೆಯಿಂದ ಮೇಜಿನ ಮೇಲಿದ್ದ ಉದ್ದನೆಯ ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟಳು.

"ನೋಡಿ ಅಣ್ಣ, ಅತ್ತೆ ಇಲ್ಲೂ ರೂಟ್ ಹಾಕಿದ್ದಾರೆ. ಹದಿನಾಲ್ಕು ಸ್ಟಾಪು. ನಾಲ್ಕೇ ವಾರದಲ್ಲಿ ಇಲ್ಲಿಯವರೇ ಆಗಿಬಿಟ್ಟರು."

ಡ್ರೈವರಣ್ಣ ಕನ್ನಡಕ ಹಾಕಿಕೊಂಡು ಎರಡು ಪುಟ ತಿರುಗಿಸಿದರು. ಅವರ ಮುಖ ಅರಳಿತು. "ಓಹೋ, ಒಪ್ಪಿಸೋ ಪುಸ್ತಕ! ಎಷ್ಟು ವರ್ಷ ಆಗಿತ್ತು ನೋಡಿ. ನಮ್ಮ ಕಂಡಕ್ಟ್ರಮ್ಮ ಬರೆದ ಹಾಗೆ ಡಿಪೋದಲ್ಲಿ ಯಾರೂ ಬರೀತಿರಲಿಲ್ಲ. ಯಾರಿಗೆ ಒಪ್ಪಿಸ್ತಿದ್ದಾರೆ?"

"ಒಪ್ಪಿಸೋದು ಅಂದ್ರೆ?"

"ವರ್ಗ ಆದಾಗಮ್ಮ. ಒಬ್ಬ ಕಂಡಕ್ಟರು ರೂಟ್ ಬಿಟ್ಟು ಹೋಗೋವಾಗ, ಬರೋ ಹೊಸಬರಿಗೆ ಹೀಗೆ ಬರೆದು ಕೊಡೋದು. ಎಲ್ಲಿ ಯಾರು ಇಳೀತಾರೆ, ಎಲ್ಲಿ ಹುಷಾರಾಗಿರಬೇಕು, ಎಲ್ಲ. ಕೆಲವು ದಿನ ಜೊತೆಗೇ ಓಡಾಡಿ ತೋರಿಸೋದು. ಕೊನೇ ದಿನ ಹಳಬರು ಬಾಯಿ ಮುಚ್ಕೊಂಡು ಹಿಂದೆ ಕೂರ್ತಾರೆ, ಹೊಸಬರೇ ಎಲ್ಲ ಸ್ಟಾಪು ಹೇಳ್ಬೇಕು. ತಪ್ಪದೆ ಹೇಳಿದ್ರೆ ಪುಸ್ತಕ ಅವರ ಕೈಗೆ ಕೊಟ್ಟು, ಇವರು ಇಳಿದು ಹೋಗ್ತಾರೆ." ಅಷ್ಟು ಹೇಳಿ ಅವರು ತಲೆ ಎತ್ತಿದರು. ಸೊಸೆಯ ಮುಖ ಬಿಳುಚಿಕೊಂಡಿದ್ದು ನೋಡಿ ಪುಸ್ತಕ ಮುಚ್ಚಿದರು. "ಅಯ್ಯೋ, ನಾನೇನಾದ್ರೂ ಬಾಯಿ ಬಿಟ್ಟುಬಿಟ್ಟೆನಾ?"

ಅವರು ಹೋದ ಮೇಲೆ, ಅತ್ತೆ ಸ್ನಾನಕ್ಕೆ ಹೋದಾಗ, ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಆ ಪುಸ್ತಕವನ್ನು ಮೊದಲಿನಿಂದ ಓದಿದಳು. ಬೀಗದವನು: ಭಾನುವಾರವೂ ಇರುತ್ತಾನೆ. ಬೆಚ್ಚನೆ ಗೋಡೆ: ಕೆಲಸಕ್ಕೆ ಹೋಗುವಾಗ ತಿಂಡಿ ಬಿಟ್ಟರೆ ಇಲ್ಲಿ ಬನ್ನು ತಗೊಂಡು ತಿನ್ನಬೇಕು, ಹಸಿದು ಹೋಗಬಾರದು. ಲೇಡಿ ಡಾಕ್ಟರು: ಒಳ್ಳೆಯವಳು, ಮುಚ್ಚಿಟ್ಟುಕೊಳ್ಳದೆ ಹೇಳಬೇಕು. ಇಸ್ತ್ರಿ ಅಂಗಡಿ: ಇವಳನ್ನು ನಂಬಬಹುದು, ಒಂಟಿ ಅನ್ನಿಸಿದಾಗ ಹೋಗಿ ಕೂರಬಹುದು. ಎರಡು ಗಡಿಯಾರ: ಬಸ್ಸು ತಪ್ಪಿಸಿಕೊಳ್ಳಬಾರದು. ಹದಿನಾಲ್ಕು ಸ್ಟಾಪುಗಳಲ್ಲಿ ಇಳಿಯುವವಳು ಒಬ್ಬಳೇ, ತಾನು. ಸೇತುವೆಯ ಪಕ್ಕದಲ್ಲೇ ಮಂಡಿನೋವಿನ ಡಾಕ್ಟರ ದೊಡ್ಡ ಬೋರ್ಡಿತ್ತು. ರಾತ್ರಿಯೆಲ್ಲ ಮಂಡಿ ನೀವಿಕೊಳ್ಳುವ ಅತ್ತೆ ಅದನ್ನು ಬರೆದಿರಲಿಲ್ಲ. ಹಿರಿಯರು ಕೂತು ಪೇಪರ್ ಓದುವ ಕೋಣೆಯನ್ನು ಇಬ್ಬರೂ ನಿಂತು ನೋಡಿದ್ದರು, ಅದೂ ಇರಲಿಲ್ಲ. ಅತ್ತೆ ಇಳಿಯುವ ಒಂದೇ ಒಂದು ಸ್ಟಾಪೂ ಆ ದಾರಿಯಲ್ಲಿ ಇರಲಿಲ್ಲ.

ನಾಲ್ಕು ವಾರ ತಾನು ಅವರನ್ನು ಉಳಿಸಿಕೊಳ್ಳಲು ಪೆಡಲ್ ತುಳಿದಿದ್ದಳು. ನಾಲ್ಕು ವಾರ ಅವರು ಹೋಗುವುದಕ್ಕೆ ತಯಾರಿ ಮಾಡಿಕೊಂಡಿದ್ದರು, ಅದೂ ಅವಳದೇ ಸೈಕಲ್ಲಿನ ಮೇಲೆ ಕೂತು. ಸೊಸೆಗೆ ಅಳು ಬಂತು, ಸಿಟ್ಟೂ ಬಂತು. ಬಚ್ಚಲ ಬಾಗಿಲು ತೆರೆದ ಸದ್ದಾದಾಗ ಎದ್ದು, ಪುಸ್ತಕವನ್ನು ಇದ್ದಲ್ಲೇ ಇಟ್ಟು, ಮುಖ ತಿರುಗಿಸಿಕೊಂಡು ಪಾತ್ರೆ ತೊಳೆಯತೊಡಗಿದಳು. ಆ ಸಂಜೆಯೂ ಕೇಳಲಿಲ್ಲ. ಹೇಳಿದೆನಲ್ಲ, ಮರ್ಯಾದಸ್ಥರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅತ್ತೆ ಚೀಲ ಹಾಕಿಕೊಂಡು ನಿಂತರು. ಮಗಳು ಹನ್ನೊಂದಕ್ಕೆ ಬರುವುದಿತ್ತು. "ಇವತ್ತು ನಾನು ತುಟಿ ಹೊಲ್ಕೊಂಡು ಕೂರ್ತೀನಿ" ಅಂದರು. "ಒಂದೊಂದೂ ನೀನೇ ಹೇಳು, ನೋಡೋಣ."

ಸೊಸೆ ಸೈಕಲ್ ಹತ್ತಿದಳು. ಬೀಗದವನ ಸ್ಟಾಪು ಬಂತು, ಹೇಳಿದಳು. ಬೆಚ್ಚನೆ ಗೋಡೆ ಬಂತು, ಹೇಳಿದಳು. ಮೂಗು ಮುಚ್ಚು, ಬೊಗಳೋ ಗೇಟು, ಜಗಳದ ಮೂಲೆ. ಒಂದೂ ತಪ್ಪಲಿಲ್ಲ. ಹಿಂದೆ ಅತ್ತೆ ಪ್ರತಿ ಸ್ಟಾಪಿಗೂ 'ಹ್ಞೂಂ' ಎನ್ನುತ್ತಿದ್ದರು. ಆ 'ಹ್ಞೂಂ' ಹೋಗಹೋಗುತ್ತ ಸಣ್ಣದಾಗುತ್ತಿತ್ತು. ಹನ್ನೆರಡನೆಯದಾದ ಲೇಡಿ ಡಾಕ್ಟರ ಮನೆ ದಾಟಿದ ಮೇಲೆ ಬಲಕ್ಕೆ ತಿರುಗಬೇಕು. ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಕೈ ಮಾತ್ರ ಹ್ಯಾಂಡಲನ್ನು ತಿರುಗಿಸಲು ಒಪ್ಪಲಿಲ್ಲ. ಅವಳು ನೇರ ಹೋದಳು.

"ಏಯ್, ಬಲಕ್ಕೆ!" ಅಂದರು ಅತ್ತೆ, ತುಟಿ ಹೊಲಿದುಕೊಂಡದ್ದು ಮರೆತು.

ಸೊಸೆ ತುಳಿಯುತ್ತಲೇ ಇದ್ದಳು. ಅವರು ಎಂದೂ ಬರದ ಬೀದಿ ಅದು. ಎರಡೂ ಕಡೆ ಬಾಗಿಲು ಹಾಕಿದ ಗೋದಾಮುಗಳು.

"ತಪ್ಪಾಯ್ತು ಕಣೇ. ಹಿಂದೆ ತಿರುಗಿಸು."

"ತಿರುಗಿಸಲ್ಲ" ಅಂದಳು ಸೊಸೆ. ಸೈಕಲ್ಲಿನಲ್ಲಿ ಒಂದು ಅನುಕೂಲವಿದೆ, ಹಿಂದೆ ಕೂತವರ ಮುಖ ನೋಡದೆ ಮಾತಾಡಬಹುದು. "ಸರಿಯಾಗಿ ಹೇಳಿದ್ರೆ ನೀವು ಪುಸ್ತಕ ಕೊಟ್ಟು ಹೋಗ್ತೀರಿ. ನಾನು ಸರಿಯಾಗಿ ಹೇಳಲ್ಲ. ಡ್ರೈವರಣ್ಣ ಎಲ್ಲ ಹೇಳಿದ್ರು. ನನಗೆ ದಾರಿ ಗೊತ್ತಾದ್ರೆ ಸಾಕು ಅಂದ್ಕೊಂಡ್ರಾ ಅತ್ತೆ? ದಾರಿ ಗೊತ್ತಾಗಿ ನಾನು ಯಾರ ಮನೆಗೆ ಬರಲಿ? ಬಾಗಿಲು ತೆಗೆದ್ರೆ ಒಳಗೆ ಯಾರಿರ್ತಾರೆ? ನನಗೆ ನೀವು ಬೇಕು. ಅವರ ಅಮ್ಮ ಅಂತ ಅಲ್ಲ. ನೀವೇ ಬೇಕು. ನಿಮ್ಮ ಮಗಳಿಗೆ ಹಕ್ಕಿದೆ, ನನಗಿಲ್ಲ, ಗೊತ್ತು. ಹಕ್ಕಿಲ್ಲದೇ ಕೇಳ್ತಿದ್ದೀನಿ. ಹೋಗಬೇಡಿ."

ಸೈಕಲ್ ಇದ್ದಕ್ಕಿದ್ದಂತೆ ಹಗುರಾಯಿತು.

ಓಡುವ ಬಸ್ಸಿನಿಂದ ಇಳಿಯುವುದು ಕಂಡಕ್ಟರುಗಳಿಗೆ ನೀರು ಕುಡಿದಷ್ಟು ಸುಲಭ ಇರಬಹುದು. ಸೊಸೆಗೆ ಮಾತ್ರ ಜೀವ ಬಾಯಿಗೆ ಬಂತು. ಸೈಕಲ್ಲನ್ನು ರಸ್ತೆಯ ಮೇಲೇ ಕೆಡವಿ ತಿರುಗಿದಳು. ಅತ್ತೆ ಹತ್ತು ಮಾರು ಹಿಂದೆ, ಗೋದಾಮಿನ ಬಾಗಿಲ ಮುಂದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಬೆಂಕಿ.

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? ಅವಲಕ್ಕಿನಾ?"

"ನೀವು ದಾಕ್ಷಿಣ್ಯಕ್ಕೆ ಉಳೀತೀರಿ ಅಂತ..."

"ದಾಕ್ಷಿಣ್ಯಕ್ಕೆ ನೀನು ನನ್ನ ಇಟ್ಕೊಂಡಿದ್ದೀಯ ಅಂತ ನಾನು ಅಂದ್ಕೊಂಡಿದ್ದೆ ಕಣೇ! ಮಗ ಹೋದ. ಈ ಹುಡುಗಿಗೆ ಇನ್ನೂ ವಯಸ್ಸಿದೆ. ಈ ಮುದುಕಿ ಕುತ್ತಿಗೆಗೆ ಜೋತುಬಿದ್ರೆ ಅವಳಿಗೆ ಬೇರೆ ಬದುಕು ಎಲ್ಲಿ? ಹೋಗಿ ಅನ್ನೋಕೆ ಅವಳಿಗೆ ಬಾಯಿ ಬರಲ್ಲ, ನಾನೇ ಮರ್ಯಾದೆಯಾಗಿ ಎದ್ದು ಹೋಗ್ಬೇಕು ಅಂತ. ದಾರಿ ಕಲಿಸಿ ಹೋದ್ರೆ ನೆಮ್ಮದಿಯಾಗಿ ನಿದ್ದೆ ಬರುತ್ತೆ ಅಂತ. ಇರಿ ಅಂತ ನೀನು ಒಂದು ಮಾತು ಕೇಳ್ತೀಯೇನೋ ಅಂತ ಎರಡು ವರ್ಷ ಕಾದೆ. ಎರಡು ವರ್ಷ!"

ಸೊಸೆ ಹೋಗಿ ಅವರನ್ನು ತಬ್ಬಿಕೊಂಡಳು. ಅತ್ತೆ ಮೊದಲು ಅವಳ ಬೆನ್ನಿಗೆ ಎರಡು ಗುದ್ದು ಗುದ್ದಿ, ಆಮೇಲೆ ತಬ್ಬಿಕೊಂಡರು. ಗೋದಾಮಿನ ಕಾವಲುಗಾರ ಕಿಂಡಿಯಿಂದ ತಲೆ ಹೊರಗೆ ಹಾಕಿ, ಯಾರಿಗಾದರೂ ಪೆಟ್ಟಾಯಿತಾ ಎಂದು ಕೇಳಿದ. "ಇಲ್ಲಪ್ಪ, ಚೆನ್ನಾಗಿದ್ದೀವಿ" ಅಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

ವಾಪಸು ಬರುವಾಗ ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದರು. ಮನೆಯ ಹತ್ತಿರ ಬರುವ ಹೊತ್ತಿಗೆ ಅತ್ತೆಯ ನಡಿಗೆ ಸಣ್ಣದಾಯಿತು. "ಅವಳಿಗೇನು ಹೇಳೋದು?" ಅಂದರು. ಮೂವತ್ತೊಂದು ವರ್ಷ ಎಂತೆಂಥ ಪುಂಡರನ್ನು ಬಸ್ಸಿನಿಂದ ಇಳಿಸಿದವರು, ಈಗ ಮಗಳ ಹೆಸರಿಗೆ ಹೆದರಿ ಬೀದಿಯಲ್ಲಿ ನಿಂತುಬಿಟ್ಟರು. "ನಾನು ಹೇಳ್ತೀನಿ" ಅಂದಳು ಸೊಸೆ.

ಮಗಳು ಆಗಲೇ ಬಂದಿದ್ದಳು. ಕಾರನ್ನು ಗೇಟಿನ ಬಳಿ ನಿಲ್ಲಿಸಿ, ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಎದುರುಮನೆಯಾಕೆಯ ಬಾಗಿಲು ಅರ್ಧ ತೆರೆದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಇಬ್ಬರ ಕೆಂಪು ಕಣ್ಣುಗಳನ್ನು ನೋಡಿ ಮಗಳು ಎದ್ದು ನಿಂತಳು.

ಸೊಸೆ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನೀವು ಐದು ಗಂಟೆ ಕಾರು ಓಡಿಸ್ಕೊಂಡು ಬಂದಿದ್ದೀರಿ. ತಪ್ಪು ತಿಳ್ಕೋಬೇಡಿ. ಅತ್ತೆ ಬರಲ್ಲ. ನಾನು ಹೋಗಬೇಡಿ ಅಂತ ಕೇಳಿದೆ. ಕೇಳಬಾರದಿತ್ತೇನೋ, ಆದ್ರೂ ಕೇಳಿದೆ."

ಮಗಳು ಹೇಳಿದಳು. "ಗೊತ್ತಿತ್ತು ಅತ್ತಿಗೆ. ಈ ನಾಲ್ಕು ವಾರ ಅಮ್ಮ ಎಷ್ಟು ಸಲ ಫೋನ್ ಮಾಡಿದಾಳೆ. ನಿನ್ನ ಹತ್ರ ಬರ್ತೀನಿ ಅಂತ ಒಂದು ಸಲವೂ ಅನ್ನಲಿಲ್ಲ. ಇವಳನ್ನ ಬಿಟ್ಟು ಬರ್ಬೇಕಲ್ಲ, ಇವಳನ್ನ ಬಿಟ್ಟು ಬರ್ಬೇಕಲ್ಲ ಅಂತಲೇ ಅಂತಿದ್ಲು."

ಅತ್ತೆ ಚೌಕಟ್ಟಿಗೆ ಒರಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತರು. "ಗೊತ್ತಿದ್ದೂ ಮತ್ತೆ ಯಾಕೆ ಬಂದೆ ಮಗಳೇ?"

"ನೀನು ಕರೆದೆಯಲ್ಲಮ್ಮ" ಅಂದಳು ಮಗಳು. ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಮುಂದುವರಿಸಿದಳು. "ಅಣ್ಣ ಹೋದ ಮೇಲೆ ಈ ಕಡೆಯಿಂದ ನನ್ನ ಬಾ ಅಂತ ಯಾರೂ ಕರೆದಿರಲಿಲ್ಲ. ನಾನೇ ನಿನ್ನ ಕರೀತಿದ್ದೆ."

ಅತ್ತೆಗೂ ಸೊಸೆಗೂ ತಮ್ಮಿಬ್ಬರ ದಾಕ್ಷಿಣ್ಯದ ಗಲಾಟೆಯಲ್ಲಿ ಇದೊಂದು ಹೊಳೆದೇ ಇರಲಿಲ್ಲ. ಎರಡು ವರ್ಷದಿಂದ ಈ ಹೆಂಗಸು ತನ್ನ ಅಣ್ಣನ ಮನೆಗೆ ಬರಲು ಒಂದು ಕರೆಗಾಗಿ ಕಾದಿದ್ದಳು, ಇವರಿಬ್ಬರೂ ಅವಳನ್ನು ಅತ್ತೆಯನ್ನು ಕರೆದೊಯ್ಯುವ ಒಂದು ಕಾರಿನ ಹಾಗೆ ಲೆಕ್ಕ ಹಾಕಿದ್ದರು. ಸೊಸೆಗೆ ನಾಚಿಕೆಯಾಯಿತು. ಆದರೆ ಒಂದು ಗಂಟೆ ಹಿಂದೆ ಗೋದಾಮಿನ ಬೀದಿಯಲ್ಲಿ ಅವಳು ಬಾಯಿ ಬಿಡುವುದನ್ನು ಕಲಿತಿದ್ದಳು, ಆ ಕಲಿಕೆ ಇನ್ನೂ ಬಿಸಿಯಾಗಿತ್ತು. ನಾದಿನಿಯ ಕೈಯಲ್ಲಿದ್ದ ಕಾರಿನ ಕೀ ಬಿಡಿಸಿಕೊಂಡಳು.

"ಇವತ್ತು ಹೋಗಬೇಡಿ. ನಾಳೆಯೂ ಬೇಡ" ಅಂದಳು. "ಶಾಲೆಗೆ ಎರಡು ದಿನ ರಜೆ ಹಾಕಿ. ನಮ್ಮ ಜೊತೆ ಇರಿ."

"ಹಾಕ್ತೀನಿ" ಅಂದಳು ನಾದಿನಿ, ಒಂದು ಕ್ಷಣವೂ ಯೋಚಿಸದೆ.